ಮೂರನೇ ತೂತಿನ ಇತಿಹಾಸ

ಇತಿಹಾಸ ಅಂದ ಕೂಡಲೇ ನಮಗೆಲ್ಲ ಶಾಸನ, ವೀರಗಲ್ಲು, ಹೊಯ್ಸಳರ ಗುಡಿ ನೆನಪಾಗುತ್ತವೆ. ಕಡೂರು, ತರೀಕೆರೆ ಕಡೆಯವರಿಗಂತೂ ಅಮೃತಾಪುರ ಇದ್ದೇ ಇದೆ. ಆದರೆ ಮನೆಯ ಗೋಡೆಯೊಳಗೂ ಒಂದು ಇತಿಹಾಸ ಇರುತ್ತೆ. ಅದನ್ನು ಓದೋಕೆ ಹಳಗನ್ನಡ ಬೇಡ, ಒಂದು ಟೆಸ್ಟರು, ಒಂದು ಮಲ್ಟಿಮೀಟರು, ಸ್ವಲ್ಪ ತಾಳ್ಮೆ ಸಾಕು. ನಮ್ಮ ನೆಂಟರ ಮೂರು ಮನೆಗಳಲ್ಲಿ, ಅಂದರೆ ಕಡೂರಿನಲ್ಲಿ ತಾತನ ಮನೆ, ತರೀಕೆರೆಯಲ್ಲಿ ಅತ್ತೆ ಮನೆ, ಅಜ್ಜಂಪುರದಲ್ಲಿ ಚಿಕ್ಕಪ್ಪನ ಮನೆ, ಕರೆಂಟಿನ ತರಲೆ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ ಇತಿಹಾಸ ಇದು. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡೇ ಕೂತುಕೊಳ್ಳಿ :)

ವಿಷಯ ಇಷ್ಟೇ. ಈಗೀಗ ಕಟ್ಟಿದ ಅಥವಾ ರಿಪೇರಿ ಮಾಡಿಸಿದ ಮನೆಗಳಲ್ಲಿ ಮೀಟರಿನ ಪಕ್ಕ ಒಂದು ಅಗಲವಾದ ಸ್ವಿಚ್ಚು ಇರುತ್ತೆ, ಅದರ ಮೇಲೆ "ಟಿ" ಅಂತ ಬರೆದ ಸಣ್ಣ ಗುಂಡಿ. ಅಂಗಡಿಯವರು, ಎಲೆಕ್ಟ್ರಿಷಿಯನ್ನುಗಳು ಎಲ್ಲರೂ ಅದನ್ನು ಇಎಲ್‌ಸಿಬಿ ಅಂತಲೇ ಕರೀತಾರೆ. ಸರಿಯಾದ ಹೆಸರು ಆರ್‌ಸಿಸಿಬಿ. ಯಾವುದೋ ಒಂದು ಪ್ಲಗ್ಗು ಹಾಕಿದ ಕೂಡಲೇ ಅದು ಟಪ್ ಅಂತ ಬೀಳುತ್ತೆ, ಮನೆಯೆಲ್ಲ ಕತ್ತಲು. ಮತ್ತೆ ಎತ್ತಿದರೆ ಮತ್ತೆ ಬೀಳುತ್ತೆ. ಮೂರನೇ ದಿನ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: "ಸಾರ್, ಇದು ಸುಮ್ನೆ ತಲೆನೋವು. ತೆಗೆದು ಡೈರೆಕ್ಟ್ ಕೊಟ್ಬಿಡಣ." ಹೀಗೆ ಡೈರೆಕ್ಟ್ ಕೊಟ್ಟ ಮನೆಗಳು ನಮ್ಮ ಕಡೆ ಎಷ್ಟೋ. ಆ ಮಾತಿಗೆ ಒಂದು ಉತ್ತರ ಕೊಡಬೇಕು ಅನ್ನೋದೇ ಈ ಬರಹದ ಉದ್ದೇಶ.

ಚಿನ್ನದಿಂದ ಬಂದ ಕರೆಂಟು, ಚಿನ್ನದಿಂದ ಬಂದ ಕಾವಲು

ಮೈಸೂರು ಸಂಸ್ಥಾನಕ್ಕೆ ವಿದ್ಯುತ್ ಬಂದದ್ದು ಮನೆಗಳಿಗಾಗಿ ಅಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಆಗಿ, 1902ರ ಜೂನ್ 30ರಂದು ಶಿವನಸಮುದ್ರದಿಂದ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರ ಆಗಸ್ಟಿನಲ್ಲಿ. ಮೊದಲು ಗಣಿ, ಆಮೇಲೆ ನಗರ, ಆಮೇಲೆ ಎಷ್ಟೋ ವರ್ಷಕ್ಕೆ ನಮ್ಮಂಥ ಊರುಗಳು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು, 1957ರಲ್ಲಿ ವಿದ್ಯುತ್ ಮಂಡಳಿ ಹುಟ್ಟಿತು, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು ಅಲ್ಲೇ ಕರೆಂಟೂ ತಯಾರಾಗತೊಡಗಿತು. 2002ರಿಂದ ನಮ್ಮ ಜಿಲ್ಲೆ ಮೆಸ್ಕಾಂ ಪಾಲಿಗೆ ಬಂತು. ಇದು ನಿಮಗೆಲ್ಲ ಗೊತ್ತಿರುವ ಕಥೆ.

ಗೊತ್ತಿಲ್ಲದ ಅರ್ಧ ಬೇರೆ ಇದೆ. ಕರೆಂಟಿನಿಂದ ಮನುಷ್ಯನನ್ನು ಕಾಯುವ ಈ ಸ್ವಿಚ್ಚು ಮನೆಯೊಳಗೆ ಬಂದದ್ದೂ ಚಿನ್ನದ ಗಣಿಯ ಹಾದಿಯಲ್ಲೇ! 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಶಾಕ್ ದೊಡ್ಡ ಪಿಡುಗಾಗಿತ್ತು. ಅಲ್ಲಿನ ಹೆನ್ರಿ ರೂಬಿನ್ ಎಂಬ ಎಂಜಿನಿಯರ್ 1955ರಲ್ಲಿ 250 ಮಿಲಿ ಆಂಪಿಯರ್ ಸೋರಿಕೆಗೇ ಲೈನು ಕಡಿಯುವ ಸಾಧನ ಮಾಡಿದ. ಅದಕ್ಕೂ ಮುಂಚೆ ಇದ್ದ ಅಂಥ ಸಾಧನಗಳು ಕಡಿಯಬೇಕಾದರೆ 10 ಆಂಪಿಯರ್‌ನಷ್ಟು ಸೋರಬೇಕಿತ್ತು. ಅಷ್ಟು ಕರೆಂಟು ಮೈಯಲ್ಲಿ ಹರಿದರೆ ಮನುಷ್ಯ ಎಲ್ಲಿ ಉಳಿದಾನು? ರೂಬಿನ್ ಅಷ್ಟಕ್ಕೇ ನಿಲ್ಲಲಿಲ್ಲ. 1956ರ ಹೊತ್ತಿಗೆ 12.5ರಿಂದ 17.5 ಮಿಲಿ ಆಂಪಿಯರಿಗೇ ಬೀಳುವ ಮಾದರಿ ತಯಾರಿಸಿದ. ಗಣಿ ಕೆಲಸದವರು ವಾಸವಿದ್ದ ಸ್ಟಿಲ್‌ಫಾಂಟೇನ್ ಎಂಬ ಊರಿನ ಕೆಲವು ಮನೆಗಳಿಗೆ ಆ ದಶಕದ ಕೊನೆಯಲ್ಲೇ ಅದನ್ನು ಹಾಕಿದರು.

ಲೆಕ್ಕ ಹಾಕಿ ನೋಡಿ. ಕೋಲಾರದ ಗಣಿಗೆ ಕರೆಂಟು ಬಂದು ಐವತ್ತು ಚಿಲ್ಲರೆ ವರ್ಷದ ಮೇಲೆ, ಇನ್ನೊಂದು ಖಂಡದ ಚಿನ್ನದ ಗಣಿಯಿಂದ ಅದಕ್ಕೊಂದು ಕಾವಲು ಹೊರಟಿತು. ಕರೆಂಟು ಮೊದಲು ಬಂತು, ಕಾವಲು ಅರ್ಧ ಶತಮಾನ ತಡವಾಗಿ ಬಂತು. ನಮ್ಮ ಹಳೆಯ ಮನೆಗಳೆಲ್ಲ ಆ ನಡುವಿನ ಕಾಲದವು, ಅಥವಾ ಆ ಕಾಲದ ಅಭ್ಯಾಸದವು.

ದನ ಎಣಿಸುವ ಲೆಕ್ಕ

ಈ ಸ್ವಿಚ್ಚು ಮಾಡುವ ಕೆಲಸ ಬಹಳ ಸರಳ. ಅಜ್ಜಂಪುರದ ಅಮೃತಮಹಲ್ ಕಾವಲು ನೋಡಿದವರಿಗೆ ತಕ್ಷಣ ಹೊಳೆಯುತ್ತೆ. ಬೆಳಿಗ್ಗೆ ಎಷ್ಟು ದನ ಮೇಯೋಕೆ ಹೋದವೋ ಸಂಜೆ ಅಷ್ಟೇ ದನ ವಾಪಸ್ ಬರಬೇಕು. ಒಂದು ಕಮ್ಮಿ ಆದರೂ ಬಾಗಿಲಲ್ಲಿ ನಿಂತವನು ಕೂಗು ಹಾಕ್ತಾನೆ. ಫೇಸ್ ವೈರು, ನ್ಯೂಟ್ರಲ್ ವೈರು ಎರಡೂ ಈ ಸ್ವಿಚ್ಚಿನೊಳಗೆ ಒಂದು ಕಬ್ಬಿಣದ ಬಳೆಯ ನಡುವೆ ಹಾದು ಹೋಗುತ್ತವೆ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬಂದರೆ ಎರಡರ ಕಾಂತಬಲವೂ ಒಂದನ್ನೊಂದು ಹೊಡೆದು ಹಾಕಿ ಬಳೆ ತೆಪ್ಪಗಿರುತ್ತೆ. ಹೋದದ್ದರಲ್ಲಿ ಸ್ವಲ್ಪ ಬೇರೆ ದಾರಿ ಹಿಡಿದು, ಒದ್ದೆ ಗೋಡೆಯ ಮೂಲಕವೋ, ನಲ್ಲಿಯ ಪೈಪಿನ ಮೂಲಕವೋ, ಯಾರದೋ ಕೈ ಕಾಲಿನ ಮೂಲಕವೋ ಭೂಮಿಗೆ ಇಳಿದರೆ ಲೆಕ್ಕ ತಪ್ಪುತ್ತೆ. ಆಗ ಟಪ್!

ಎಷ್ಟು ತಪ್ಪಿದರೆ ಬೀಳಬೇಕು? ಮನೆಗೆ ಹಾಕುವುದು 30 ಮಿಲಿ ಆಂಪಿಯರಿನದು. ಅದು 15ರವರೆಗೆ ಬೀಳಬಾರದು, 30ಕ್ಕೆ 300 ಮಿಲಿ ಸೆಕೆಂಡಿನೊಳಗೆ ಬೀಳಲೇಬೇಕು, 150 ಆದರೆ 40 ಮಿಲಿ ಸೆಕೆಂಡಿನೊಳಗೆ. ಇಂಥ ಮಿತಿಗಳ ಹಿಂದೆ ಮನುಷ್ಯರ ಮೈ ಇದೆ. ಅಮೆರಿಕದ ಬರ್ಕ್‌ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯೆಲ್ 134 ಗಂಡಸರು, 28 ಹೆಂಗಸರ ಕೈಗೆ ತಂತಿ ಹಿಡಿಸಿ, ಎಷ್ಟು ಕರೆಂಟಿನವರೆಗೆ ಅವರು ತಾವಾಗೇ ಕೈ ಬಿಡಿಸಿಕೊಳ್ಳಬಲ್ಲರು ಅಂತ ಅಳೆದ. ಗಂಡಸರ ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರದು 10.5. ಅದನ್ನು ಮೀರಿದರೆ ಸ್ನಾಯು ಬಿಗಿದು ಕೈ ತಂತಿಗೇ ಅಂಟಿಕೊಳ್ಳುತ್ತೆ. ನಮ್ಮ ಕಡೆ "ಕರೆಂಟು ಹಿಡ್ಕೊಂಡ್ಬಿಡ್ತು" ಅಂತಾರಲ್ಲ, ಅದೇ. ಆಸ್ಟ್ರಿಯಾದ ಗಾಟ್‌ಫ್ರೀಡ್ ಬೀಗೆಲ್‌ಮೇಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಮೈ ಮೇಲೆಯೇ ಪ್ರಯೋಗ ಮಾಡಿಕೊಂಡ. ಡಾಲ್ಜಿಯೆಲ್ 1961ರಲ್ಲಿ 5 ಮಿಲಿ ಆಂಪಿಯರಿನ ಸಾಧನ ಮಾಡಿದ. ಅಮೆರಿಕದಲ್ಲಿ ಈಜುಕೊಳದ ದೀಪಗಳಿಗೆ 1968ರಲ್ಲಿ, ಸ್ನಾನದ ಮನೆಯ ಪ್ಲಗ್ಗುಗಳಿಗೆ 1975ರಲ್ಲಿ ಅಂಥದ್ದು ಕಡ್ಡಾಯವಾಗುತ್ತಾ ಬಂತು.

ಹೋಲಿಕೆಗೆ ಒಂದು ಮಾತು. ಹಳೆಯ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸು ಬೀಳಬೇಕಾದರೆ ಆಂಪಿಯರುಗಟ್ಟಲೆ ಬೇಕು. ಅದು ವೈರು ಸುಡದ ಹಾಗೆ ಮನೆ ಕಾಯುತ್ತೆ. ಇವತ್ತಿನ ಎಂಸಿಬಿ ಮಾಡುವುದೂ ಅದನ್ನೇ. ಮನುಷ್ಯನನ್ನು ಕಾಯೋದು ಅದರ ಕೆಲಸವೇ ಅಲ್ಲ. ನಾವು ಮಾತ್ರ ತಲೆಮಾರುಗಟ್ಟಲೆ "ಫ್ಯೂಸ್ ಇದೆಯಲ್ಲ" ಅಂತ ನೆಮ್ಮದಿಯಾಗಿದ್ದೆವು.

ಕಡೂರು: ಬೀಳದೇ ಇದ್ದ ಫ್ಯೂಸು

ತಾತನ ಕಾಲದ ಮನೆಯ ವೈರಿಂಗು ನೋಡಿದವರಿಗೆ ಗೊತ್ತು. ಗೋಡೆ ಮೇಲೆ ಉದ್ದಕ್ಕೂ ಮರದ ರೀಪರು, ಅದರ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಕೂರಿಸಿದ ಎರಡು ವೈರು, ದುಂಡಗಿನ ಕಪ್ಪು ಸ್ವಿಚ್ಚುಗಳು. ಎರಡೇ ವೈರು. ಪ್ಲಗ್ಗಿಗೂ ಎರಡೇ ತೂತು. ಬಲ್ಬು, ರೇಡಿಯೋ ಇಷ್ಟಕ್ಕೆ ಎರಡು ಸಾಕಾಗಿತ್ತು. ಮೂರನೇ ತೂತು, ಅಂದರೆ ಅರ್ಥ್ ಪಿನ್ನು ಬೇಕಾದದ್ದು ಇಸ್ತ್ರಿ ಪೆಟ್ಟಿಗೆ, ನೀರೆತ್ತುವ ಮೋಟಾರು, ಗೀಸರು, ಫ್ರಿಜ್ಜು ಇವೆಲ್ಲ ಬಂದ ಮೇಲೆ. ಇವಕ್ಕೆ ಲೋಹದ ಮೈ. ಒಳಗೆ ವೈರು ಕಿತ್ತು ಮೈಗೆ ತಾಗಿದರೆ ಆ ಕರೆಂಟು ಭೂಮಿಗೆ ಇಳಿದು ಹೋಗಲಿ ಅಂತ ಮೂರನೇ ವೈರು, ಅದರ ತುದಿಗೆ ಹಿತ್ತಲಲ್ಲೊಂದು ಗುಂಡಿ, ಗುಂಡಿಯಲ್ಲಿ ಪೈಪು, ಸುತ್ತ ಇದ್ದಿಲು, ಉಪ್ಪು.

ಇಲ್ಲೇ ಕಡೂರಿನ ಮಣ್ಣು ತನ್ನ ಮಾತು ಹೇಳುತ್ತೆ. ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಕಡೂರಿನ ಹೆಸರಿತ್ತು, 1947ರಲ್ಲಿ ಅದು ಚಿಕ್ಕಮಗಳೂರು ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಕೇಳಿದರೆ ಮಲೆನಾಡು ಅನಿಸಿದರೂ ಕಡೂರು ಬಯಲುಸೀಮೆ. ಮಳೆ ಕಮ್ಮಿ, ಗರಸು ಸೇರಿದ ಕೆಂಪು ನೆಲ, ತೆಂಗಿನ ತೋಟ. ಒಣಗಿದ ಗರಸು ನೆಲ ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳೋದಿಲ್ಲ. ಅಜ್ಜಿ ಬೇಸಿಗೆಯಲ್ಲಿ ಬಟ್ಟೆ ಒಗೆದ ನೀರನ್ನು ಅರ್ಥ್ ಗುಂಡಿಗೆ ಸುರಿಯುತ್ತಿದ್ದದ್ದು ಅದಕ್ಕೇ. "ಅದಕ್ಕೂ ಬಾಯಾರಿಕೆ ಆಗತ್ತೆ ಕಣೋ" ಅಂತಿದ್ದರು.

ಒಂದು ಏಪ್ರಿಲ್‌ನಲ್ಲಿ ತಾತನ ಮನೆಯ ಬಾವಿ ಮೋಟಾರಿನ ಮೈ ಮುಟ್ಟಿದರೆ ಹೊಡೆಯುತ್ತಿತ್ತು. ಒಳಗೆ ಸುರುಳಿ ಸುಟ್ಟು ಮೈಗೆ ತಾಗಿತ್ತು, ಅರ್ಥ್ ವೈರು ಇತ್ತು, ಫ್ಯೂಸೂ ಇತ್ತು. ಆದರೂ ಫ್ಯೂಸು ಬೀಳಲಿಲ್ಲ. ಯಾಕೆ? ಲೆಕ್ಕ ಸರಳ. ಒಣಗಿದ ಗುಂಡಿಯ ತಡೆ 40 ಓಮ್ ಅಂತ ಇಟ್ಟುಕೊಳ್ಳಿ. 230 ವೋಲ್ಟನ್ನು 40ರಿಂದ ಭಾಗಿಸಿದರೆ 6 ಆಂಪಿಯರಿಗೂ ಕಮ್ಮಿ. ಫ್ಯೂಸು 15 ಆಂಪಿಯರಿನದು. ಅದರ ದೃಷ್ಟಿಯಲ್ಲಿ ಎಲ್ಲೋ ಒಂದು ಮಿಕ್ಸಿ ತಿರುಗುತ್ತಿದೆ, ಅಷ್ಟೇ! ಮೋಟಾರಿನ ಮೈ ಮೇಲೆ ಮಾತ್ರ ಹತ್ತಿರ ಹತ್ತಿರ ಪೂರ್ತಿ ವೋಲ್ಟೇಜು ಕೂತಿತ್ತು, ಗಂಟೆಗಟ್ಟಲೆ. ಅವತ್ತು ತಾತ ಚಪ್ಪಲಿ ಹಾಕಿಕೊಂಡಿದ್ದರು, ಕೈ ಹಿಂಭಾಗ ತಾಗಿ ಎಗರಿ ಬಿದ್ದರು. ಬದುಕಿದರು.

ಈಗ ಅದೇ ಜಾಗದಲ್ಲಿ 30 ಮಿಲಿ ಆಂಪಿಯರಿನ ಸ್ವಿಚ್ಚು ಇದ್ದಿದ್ದರೆ? ಮೈ ಮೇಲಿನ ವೋಲ್ಟೇಜು 50 ದಾಟುವ ಮೊದಲೇ ಬೀಳಬೇಕು ಅಂತ ಇಟ್ಟುಕೊಂಡರೆ 50 ಭಾಗ 0.03, ಸುಮಾರು 1,667 ಓಮ್. ಅಂದರೆ ಗುಂಡಿಯ ತಡೆ 40 ಅಲ್ಲ, 400 ಓಮ್ ಆದರೂ ಅದು ಬೀಳುತ್ತಿತ್ತು. ಒಳ್ಳೆಯ ಅರ್ಥ್ ಸಿಗದ ಒಣ ಸೀಮೆಗೇ ಈ ಸ್ವಿಚ್ಚು ಹೆಚ್ಚು ಬೇಕು. ನಾವು ಉಲ್ಟಾ ತಿಳಿದಿದ್ದೇವೆ, "ಮಲೆನಾಡಲ್ಲಿ ತೇವ, ಅಲ್ಲಿಗೆ ಬೇಕು, ಇಲ್ಲಿಗ್ಯಾಕೆ" ಅಂತ.

ತರೀಕೆರೆ: ಕಡಜದ ಗೂಡು

ಬೀರೂರಿನಲ್ಲಿ ರೈಲು ದಾರಿ ಎರಡಾಗಿ ಒಡೆಯುತ್ತೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ, ಇನ್ನೊಂದು ತರೀಕೆರೆ ಮೇಲೆ ಶಿವಮೊಗ್ಗದ ಕಡೆಗೆ. ತರೀಕೆರೆ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ತೆಂಗು ಹೋಗಿ ಅಡಿಕೆ ಬರುತ್ತೆ, ಗಾಳಿ ತಣ್ಣಗಾಗುತ್ತೆ, ಹಿಂದೆ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು. ಅತ್ತೆ ಮನೆಯಲ್ಲಿ ಸಮಸ್ಯೆ ಕಡೂರಿನದಕ್ಕೆ ತದ್ವಿರುದ್ಧ. ಸ್ವಿಚ್ಚು ಹಾಕಿಸಿದ್ದರು, ಅದು ಜುಲೈ ತಿಂಗಳಲ್ಲಿ ಬೀಳೋಕೆ ಶುರುಮಾಡಿದರೆ ನಿಲ್ಲುತ್ತಲೇ ಇರಲಿಲ್ಲ. ಫೆಬ್ರವರಿಯಲ್ಲಿ ಒಂದು ಸಲವೂ ಬಿದ್ದದ್ದಿಲ್ಲ.

ಇಲ್ಲಿ ಹುಡುಕುವ ಕ್ರಮ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಮೊದಲು ಮನೆಯ ಎಲ್ಲ ಪ್ಲಗ್ಗು ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಬೇಕು. ಈಗ ನಿಂತರೆ ತಪ್ಪು ಯಾವುದೋ ಯಂತ್ರದ್ದು. ಒಂದೊಂದೇ ಹಾಕುತ್ತಾ ಬನ್ನಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ನೀರು ಕಾಯಿಸುವ ಕಾಯಿಲ್ಲುಗಳು. ಒಂದೇ ಯಂತ್ರ ಅಲ್ಲದೆಯೂ ಇರಬಹುದು. ಕಂಪ್ಯೂಟರು, ಯುಪಿಎಸ್ಸು ಇಂಥವು ಸರಿಯಾಗಿದ್ದಾಗಲೂ ಚೂರು ಚೂರು ಅರ್ಥಿಗೆ ಬಿಡುತ್ತವೆ, ನಾಲ್ಕಾರು ಸೇರಿದರೆ 15 ದಾಟಬಹುದು. ಎಲ್ಲ ಕಿತ್ತರೂ ಬೀಳುತ್ತಿದ್ದರೆ ತಪ್ಪು ಗೋಡೆಯೊಳಗಿದೆ. ಆಗ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ ಯಾವ ಸಾಲಿನದು ಅಂತ ಗುರುತಿಸಿ, ಆ ಸಾಲನ್ನು ನಡುವೆ ಬಿಡಿಸಿ ಈ ಅರ್ಧವೋ ಆ ಅರ್ಧವೋ ನೋಡಿ, ಮತ್ತೆ ಅದರ ಅರ್ಧ. ನಾಲ್ಕೈದು ಸಲಕ್ಕೆ ಜಾಗ ಸಿಕ್ಕೇ ಸಿಗುತ್ತೆ. ಮೇನ್ ಇಳಿಸಿ, ಟೆಸ್ಟರಿನಲ್ಲಿ ಖಾತ್ರಿ ಮಾಡಿಕೊಂಡೇ ಬಾಕ್ಸಿಗೆ ಕೈ ಹಾಕಬೇಕು. ಗೋಡೆಯೊಳಗಿನ ಕೆಲಸ ಲೈಸೆನ್ಸ್ ಇರುವ ವೈರ್‌ಮನ್‌ದು, ನಾನು ಜೊತೆಯಲ್ಲಿ ನಿಂತು ಅಳತೆ ಬರೆದುಕೊಂಡವನು ಅಷ್ಟೇ.

ಅತ್ತೆ ಮನೆಯಲ್ಲಿ ಅರ್ಧರ್ಧ ಮಾಡುತ್ತಾ ಹೋದಾಗ ಸಿಕ್ಕಿದ್ದು ಮಳೆ ಹೊಡೆಯುವ ಕಡೆಯ ಗೋಡೆಯ ಒಂದು ಜಂಕ್ಷನ್ ಬಾಕ್ಸು. ಮುಚ್ಚಳ ತೆಗೆದರೆ ಒಳಗೆ ಕಡಜ ಕಟ್ಟಿದ ಮಣ್ಣಿನ ಗೂಡು! ಗೂಡು ಫೇಸಿನ ಜಾಯಿಂಟಿಗೂ ಅರ್ಥಿನ ಜಾಯಿಂಟಿಗೂ ಸೇರಿಕೊಂಡಿತ್ತು. ಬೇಸಿಗೆಯಲ್ಲಿ ಅದು ಒಣ ಇಟ್ಟಿಗೆ, ಕರೆಂಟು ಹರಿಯೋದಿಲ್ಲ. ಆಷಾಢದ ಮಳೆ ಮೂರು ದಿನ ಹಿಡಿದರೆ ಗೋಡೆ ನೀರು ಕುಡಿದು ಗೂಡೂ ಕುಡಿಯುತ್ತೆ. ಸಾಲು ಪೂರ್ತಿ ಬಿಡಿಸಿ ಮೆಗ್ಗರ್‌ನಲ್ಲಿ ಅಳೆದಾಗ ಮೆಗ್ ಓಮ್ ಇರಬೇಕಾದ ಕಡೆ ಬರೀ 8,000 ಓಮ್ ಬಂತು. 230 ಭಾಗ 8,000, ಸುಮಾರು 29 ಮಿಲಿ ಆಂಪಿಯರ್. ಸ್ವಿಚ್ಚು ಹೇಳಿದ್ದು ಅಕ್ಷರಶಃ ಸರಿ. ಗೂಡು ಕೆರೆದು, ಜಾಯಿಂಟು ಹೊಸದು ಮಾಡಿ, ಬಾಕ್ಸಿನ ಅಂಚಿಗೆ ಸೀಲು ಹಾಕಿದ ಮೇಲೆ ಎರಡು ಮಳೆಗಾಲ ಕಳೆದಿದೆ, ಬಿದ್ದಿಲ್ಲ.

"ಅಷ್ಟು ಸಣ್ಣ ಹುಳ ಇಷ್ಟು ದೊಡ್ಡ ಮನೇನ ಕತ್ತಲು ಮಾಡ್ತಲ್ಲೋ" ಅಂದರು ಅತ್ತೆ. "ಹುಳ ಅಲ್ಲ ಅತ್ತೆ, ಹುಳ ಇದೆ ಅಂತ ಹೇಳಿದ್ದು ಅದು" ಅಂದೆ.

ಅಜ್ಜಂಪುರ: ಸಾಲ ತಂದ ಅರ್ಥ್

ಕೊನೆಯದು ಎಲ್ಲಕ್ಕಿಂತ ವಿಚಿತ್ರ. ಬಹಳ ವರ್ಷ ತರೀಕೆರೆ ತಾಲ್ಲೂಕಿನಲ್ಲೇ ಇದ್ದ ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು. ಎರೆ ಭೂಮಿ, ಈರುಳ್ಳಿ ಸೀಮೆ. ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ, ಹಾಗಾಗಿ ಕರೆಂಟನ್ನೂ ಗರಸು ನೆಲಕ್ಕಿಂತ ಚೆನ್ನಾಗಿ ಒಳಗೆ ಬಿಟ್ಟುಕೊಳ್ಳುತ್ತೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಚಿಕ್ಕಪ್ಪನ ಮನೆಯ ಬಚ್ಚಲ ಪಕ್ಕದ 15 ಆಂಪಿಯರ್ ಸಾಕೆಟ್ಟಿಗೆ ಗೀಸರಿನ ಪ್ಲಗ್ಗು ಹಾಕಿದರೆ ಸ್ವಿಚ್ಚು ಬೀಳುತ್ತಿತ್ತು. ಆದರೆ ಸಂಜೆ ಮಾತ್ರ. ಮಧ್ಯಾಹ್ನ ಹಾಕಿದರೆ ನೀರು ಕಾದು ಕುದಿಯುವಷ್ಟು ಹೊತ್ತು ನಡೆಯುತ್ತಿತ್ತು. ಸಂಜೆ ಏಳರ ಮೇಲೆ, ಸಾಕೆಟ್ಟಿನ ಸ್ವಿಚ್ಚು ಆಫ್ ಇದ್ದರೂ ಪ್ಲಗ್ಗು ತೂತಿಗೆ ಹೋದರೆ ಸಾಕು, ಟಪ್! ಗೀಸರಿನ ಕಾಯಿಲ್ಲು ಎರಡು ಸಲ ಬದಲಾಗಿತ್ತು. ಗೀಸರನ್ನೇ ಪಕ್ಕದ ಮನೆಗೆ ಒಯ್ದು ಹಾಕಿದರೆ ಏನೂ ತೊಂದರೆ ಇಲ್ಲ. "ಗೀಸರ್ ಸರಿಗಿದೆ, ಈ ಡಬ್ಬಾನೇ ಸರಿ ಇಲ್ಲ" ಅಂತ ತೀರ್ಮಾನ ಆಗಿತ್ತು. ಚಿಕ್ಕಮ್ಮ ಮಾತ್ರ "ಹೆಂಗೂ ನೀನು ಬರ್ತೀಯಲ್ಲ, ನೋಡಿದ್ಮೇಲೆ ತೆಗ್ಸಣ ಅಂದೆ" ಅಂದರು.

ಆಫ್ ಇದ್ದಾಗಲೂ ಬೀಳುತ್ತೆ ಅನ್ನೋದೇ ಸುಳಿವು. ಸಾಕೆಟ್ಟಿನ ಸ್ವಿಚ್ಚು ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್, ಅರ್ಥ್ ಎರಡೂ ಯಾವಾಗಲೂ ಸೇರಿಕೊಂಡೇ ಇರುತ್ತವೆ. ಅಂದರೆ ಕಾಯಿಲ್ಲಿಗೂ ಇದಕ್ಕೂ ಸಂಬಂಧ ಇಲ್ಲ, ತಪ್ಪು ನ್ಯೂಟ್ರಲ್ ಮತ್ತು ಅರ್ಥ್ ನಡುವೆ. ಮೇನ್ ಇಳಿಸಿ ಸಾಕೆಟ್ಟು ಬಿಚ್ಚಿಸಿದೆವು. ಒಳಗೆ ಕೆಂಪು ವೈರು ಒಂದು, ಕಪ್ಪು ವೈರು ಒಂದು. ಹಸಿರು ವೈರೇ ಇಲ್ಲ! ಬದಲಿಗೆ ಕಪ್ಪು ವೈರಿನ ತಿರುಪಿನಿಂದ ಎರಡು ಇಂಚಿನ ತುಂಡು ವೈರು ಹೊರಟು ಮೂರನೇ ತೂತಿನ ತಿರುಪಿಗೆ ಹೋಗಿತ್ತು.

ಯಾರು ಮಾಡಿದ್ದೋ, ಯಾವ ಕಾಲದಲ್ಲೋ. ಎರಡು ವೈರಿನ ಕಾಲದ ಮನೆಗೆ ಮೂರು ತೂತಿನ ಸಾಕೆಟ್ಟು ಬಂದಾಗ, ಹಿತ್ತಲಿಂದ ಅರ್ಥ್ ವೈರು ಎಳೆಯುವ ಬದಲು, ನ್ಯೂಟ್ರಲ್ಲಿನಿಂದ "ಸಾಲ" ತಂದು ಕೆಲಸ ಮುಗಿಸಿದ್ದರು. ಹಳೆಯ ಮನೆಗಳಲ್ಲಿ ಇದು ಅಪರೂಪವಲ್ಲ. ನ್ಯೂಟ್ರಲ್ ಕೂಡಾ ಟ್ರಾನ್ಸ್‌ಫಾರ್ಮರಿನ ಹತ್ತಿರ ಭೂಮಿಗೇ ತಾನೇ ಸೇರಿರೋದು, ಹಾಗಾಗಿ ಎರಡೂ ಒಂದೇ ಅನ್ನೋ ತರ್ಕ.

ಒಂದೇ ಅಲ್ಲ. ನ್ಯೂಟ್ರಲ್ಲಿನಲ್ಲಿ ಕರೆಂಟು ಹರಿಯುತ್ತೆ. ಟ್ರಾನ್ಸ್‌ಫಾರ್ಮರು ದೂರ, ಲೈನು ಉದ್ದ, ಮೂರು ಫೇಸಿನ ಮೇಲೂ ಲೋಡು ಸಮ ಇಲ್ಲ. ಹಾಗಾಗಿ ಮನೆ ಮುಟ್ಟುವ ಹೊತ್ತಿಗೆ ನ್ಯೂಟ್ರಲ್ಲೇ ಭೂಮಿಗಿಂತ ಕೆಲವು ವೋಲ್ಟ್ ಮೇಲೆ ನಿಂತಿರುತ್ತೆ. ಅಳೆದೆವು. ಮಧ್ಯಾಹ್ನ ಅರ್ಧ ವೋಲ್ಟ್. ಸಂಜೆ ಎಲ್ಲರ ಮನೆಯ ದೀಪ, ಟಿವಿ, ಗೀಸರು ಶುರುವಾದ ಮೇಲೆ 6 ವೋಲ್ಟ್. ಗೀಸರಿಗೆ ಸೇರಿದ್ದು ಹಳೆಯ ಜಿಐ ಪೈಪು, ಅದು ಹಿತ್ತಲಿನ ಒದ್ದೆ ಎರೆ ಮಣ್ಣಿನಲ್ಲಿ ಉದ್ದಕ್ಕೂ ಹೂತಿತ್ತು. ತಡೆ ಸುಮಾರು 60 ಓಮ್. ಈಗ ನೀವೇ ಭಾಗಿಸಿ. ಮಧ್ಯಾಹ್ನ ಅರ್ಧ ಭಾಗ 60, ಸುಮಾರು 8 ಮಿಲಿ ಆಂಪಿಯರ್, ಬೀಳೋದಿಲ್ಲ. ಸಂಜೆ 6 ಭಾಗ 60, 100 ಮಿಲಿ ಆಂಪಿಯರ್. ಬೀಳದೆ ಇನ್ನೇನು? ನ್ಯೂಟ್ರಲ್ಲಿನ ಕರೆಂಟು ಮೂರನೇ ತೂತಿನಿಂದ ಗೀಸರಿನ ಮೈಗೆ, ಮೈಯಿಂದ ಪೈಪಿಗೆ, ಪೈಪಿನಿಂದ ನೆಲಕ್ಕೆ ಇಳಿಯುತ್ತಿತ್ತು. ಲೆಕ್ಕದ ದನ ಬೇರೆ ದಾರಿಯಲ್ಲಿ ಊರು ಸೇರುತ್ತಿದ್ದವು. ಪಕ್ಕದ ಮನೆಯಲ್ಲಿ ಮೂರನೇ ತೂತಿಗೆ ನಿಜವಾದ ಅರ್ಥ್ ಇತ್ತು, ಅದಕ್ಕೇ ಅಲ್ಲಿ ಗಲಾಟೆ ಇಲ್ಲ.

6 ವೋಲ್ಟಿನಿಂದ ಯಾರಿಗೂ ಏನೂ ಆಗೋದಿಲ್ಲ, ನಿಜ. ಆದರೆ ಯೋಚನೆ ಮಾಡಿ. ಮಳೆ ಗಾಳಿಗೆ ಕಂಬದಿಂದ ಬರುವ ನ್ಯೂಟ್ರಲ್ ತಂತಿಯೊಂದು ಕಡಿದು ಹೋದರೆ? ಮನೆಯಲ್ಲಿ ಉರಿಯುತ್ತಿರುವ ದೀಪ, ಯಂತ್ರಗಳ ಮೂಲಕ ಫೇಸು ನ್ಯೂಟ್ರಲ್ಲಿಗೆ, ಅಲ್ಲಿಂದ ಆ ಎರಡು ಇಂಚಿನ ತುಂಡಿನ ಮೂಲಕ ಗೀಸರಿನ ಮೈಗೆ, ಷವರಿಗೆ, ನಲ್ಲಿಗೆ. ರಿಪೇರಿ ಮಾಡುವಾಗ ಎರಡು ತಂತಿ ಅದಲು ಬದಲಾದರೆ? ನೇರವಾಗಿ 230 ವೋಲ್ಟ್ ನಲ್ಲಿಗೆ. ಒದ್ದೆ ಮೈಯಲ್ಲಿ, ಬರಿಗಾಲಲ್ಲಿ, ಬಾಗಿಲು ಹಾಕಿಕೊಂಡು ಸ್ನಾನ ಮಾಡುತ್ತಿರುವ ಚಿಕ್ಕಮ್ಮನೋ, ಅವರ ಮೊಮ್ಮಗಳೋ. ಫ್ಯೂಸು ಇದನ್ನು ನೋಡಿಕೊಂಡೇ ಸುಮ್ಮನಿರುತ್ತೆ, ಕಡೂರಿನಲ್ಲಿ ಸುಮ್ಮನಿದ್ದ ಹಾಗೆ. ಆ ತುಂಡು ವೈರು ಅಲ್ಲಿ ಎಷ್ಟೋ ವರ್ಷದಿಂದ ಕೂತಿತ್ತು. ಅದು ಇದೆ ಅಂತ ಹೇಳಿದ ಮೊದಲ ವಸ್ತು ಈ "ಸರಿ ಇಲ್ಲದ ಡಬ್ಬ." ಅದನ್ನೇ ತೆಗೆಸಬೇಕು ಅಂತಿದ್ದರು.

ತುಂಡು ಕಿತ್ತು, ಹಿತ್ತಲಲ್ಲಿ ಗುಂಡಿ ತೋಡಿಸಿ, ಬಚ್ಚಲಿನ ಸಾಕೆಟ್ಟಿಗೂ ಅಡುಗೆ ಮನೆಗೂ ಹಸಿರು ವೈರು ಎಳೆಸಿದೆವು. ಅದೇ ಗೀಸರು, ಅದೇ ಕಾಯಿಲ್ಲು, ಅದೇ ಡಬ್ಬ. ಅವತ್ತಿನಿಂದ ಸಂಜೆಯೂ ಬಿಸಿನೀರು :)

ಕಾನೂನೂ ತಡವಾಗಿಯೇ ಬಂತು

ನಮ್ಮ ದೇಶದ 1956ರ ವಿದ್ಯುತ್ ನಿಯಮಗಳಿಗೆ ಆಮೇಲೆ 61-ಎ ಅಂತ ಒಂದು ನಿಯಮ ಸೇರಿಸಿ ಈ ಕಾವಲಿನ ಮಾತು ತಂದರು, ಆದರೆ 5 ಕಿಲೋವ್ಯಾಟಿಗಿಂತ ಕಮ್ಮಿ ಇರುವ ಸಾಮಾನ್ಯ ಸಂಪರ್ಕಗಳಿಗೆ ವಿನಾಯಿತಿ. ಅಂದರೆ ಕಡೂರು, ತರೀಕೆರೆ, ಅಜ್ಜಂಪುರದ ಬಹುಪಾಲು ಮನೆಗಳು ಹೊರಗೇ ಉಳಿದವು. ದೊಡ್ಡ ಮನೆಗೆ ಕಾವಲು, ಸಣ್ಣ ಮನೆಗೆ ಫ್ಯೂಸು! 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತೆಯ ನಿಯಮ ಮಾಡಿತು, 2023ರಲ್ಲಿ ಹೊಸದಾಗಿ ಬರೆಯಿತು. ಈಗ ಮನೆ ಸಂಪರ್ಕಕ್ಕೆ 30 ಮಿಲಿ ಆಂಪಿಯರ್ ಮೀರಬಾರದು ಅನ್ನೋ ಮಾತು ನಿಯಮದಲ್ಲೇ ಇದೆ. ಆದರೆ ನಿಯಮ ಪುಸ್ತಕದಲ್ಲಿ ಬದಲಾದಷ್ಟು ಬೇಗ ಗೋಡೆಯೊಳಗಿನ ವೈರು ಬದಲಾಗೋದಿಲ್ಲ. ಅಲ್ಲಿ ಮರದ ರೀಪರಿನ ಕಾಲ, ಪಿವಿಸಿ ಪೈಪಿನ ಕಾಲ, ಎರಡು ತೂತಿನ ಕಾಲ, ಮೂರು ತೂತಿನ ಕಾಲ ಎಲ್ಲವೂ ಒಂದರ ಪಕ್ಕ ಒಂದು ಬದುಕಿರುತ್ತವೆ. ಈ ಸ್ವಿಚ್ಚು ಹಾಕಿದ ದಿನ ಆ ಹಳೆಯ ಕಾಲಗಳೆಲ್ಲ ಒಟ್ಟಿಗೆ ಮಾತಾಡೋಕೆ ಶುರುಮಾಡುತ್ತವೆ. ನಮಗೆ ಅದು ತಲೆನೋವು ಅನಿಸುತ್ತೆ.

ಹಾಗಂತ ಇದು ಸರ್ವರೋಗ ನಿವಾರಿಣಿ ಅಲ್ಲ. ಒಂದು ಕೈಯಲ್ಲಿ ಫೇಸು, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಇದಕ್ಕೆ ಗೊತ್ತಾಗೋದಿಲ್ಲ, ಹೋದದ್ದು ವಾಪಸ್ ಬಂತಲ್ಲ, ಲೆಕ್ಕ ಸರಿ! ಓವರ್‌ಲೋಡಿಗೆ ಎಂಸಿಬಿ ಬೇರೆ ಬೇಕು. ಅರ್ಥ್ ಗುಂಡಿಯೂ ಬೇಕು, ಅದರ ಬದಲಿಗೆ ಇದು ಅಲ್ಲ. ಮತ್ತೆ ವರ್ಷಗಟ್ಟಲೆ ಬೀಳದೆ ಕೂತರೆ ಒಳಗಿನ ಯಂತ್ರ ಜಡ್ಡುಗಟ್ಟಬಹುದು. ಅದಕ್ಕೇ ಆ "ಟಿ" ಗುಂಡಿ. ತಿಂಗಳಿಗೊಮ್ಮೆ ಒತ್ತಿ, ಬೀಳಬೇಕು. ಬೀಳದಿದ್ದರೆ ಬದಲಾಯಿಸಿ.

ಕನ್ನಡದಲ್ಲಿ ಒಂದು ಮಜಾ ಇದೆ. ಇಂಗ್ಲಿಷಿನ ಅರ್ಥ್ ನಮ್ಮ ಬಾಯಲ್ಲಿ "ಅರ್ಥ" ಆಗಿಬಿಡುತ್ತೆ. "ಈ ಪ್ಲಗ್ಗಿಗೆ ಅರ್ಥ ಇಲ್ಲ ಸಾರ್" ಅಂತ ಅಜ್ಜಂಪುರದ ವೈರ್‌ಮನ್ ಗಂಭೀರವಾಗಿಯೇ ಹೇಳಿದ. ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರೋದಿಲ್ಲ. ಅರ್ಥ ಇಲ್ಲದ ಕಡೆ ಅನರ್ಥ ಕಾದಿರುತ್ತೆ.

ನಿಮ್ಮ ಊರಿನ ಮನೆಯಲ್ಲೂ ಇಂಥ ಒಂದು ಸಾಕೆಟ್ಟು ಇದ್ದೇ ಇರುತ್ತೆ. ಮುಂದಿನ ಸಲ ಹಬ್ಬಕ್ಕೆ ಹೋದಾಗ, ಅದು ಬಿದ್ದರೆ ಬೈಯೋ ಮೊದಲು ಪ್ಲಗ್ಗು ಕಿತ್ತು ನೋಡಿ, ಒಬ್ಬ ಒಳ್ಳೆಯ ವೈರ್‌ಮನ್ ಕರೆಸಿ ಆ ಮೂರನೇ ತೂತಿನ ಹಿಂದೆ ಏನಿದೆ ಅಂತ ಬಿಚ್ಚಿಸಿ ನೋಡಿ. ಹಸಿರು ವೈರು ಇದೆಯೋ, ಎರಡು ಇಂಚಿನ ಕಪ್ಪು ತುಂಡು ಇದೆಯೋ, ಅಥವಾ ಏನೂ ಇಲ್ಲವೋ. ಸಿಕ್ಕಿದ್ದನ್ನು ಬರೆಯಿರಿ, ಓದೋಕೆ ನಾನಂತೂ ಕಾದಿರುತ್ತೇನೆ.